ರೊಕ್ಕ ನಡುವಿನಲ್ಲಿ, ಆರೈಕೆ ಎರಡು ತುದಿಯಲ್ಲಿ: ಚಟ ಬಿಡಿಸುವ ಕೇಂದ್ರಗಳ ಬಗ್ಗೆ ಹೊಸಬರಿಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಆಶಾ ಕಾರ್ಯಕರ್ತೆಯರಾಗಿ, ಆಪ್ತಸಮಾಲೋಚಕರಾಗಿ, ಸಂಘಗಳ ಸ್ವಯಂಸೇವಕರಾಗಿ ಹೊಸದಾಗಿ ಕೆಲಸಕ್ಕೆ ಇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯವರೊಬ್ಬರ ಕುಡಿತದಿಂದ ಸಾಕಾಗಿ, ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ದಾರಿ ಕಾಣದೆ ಕೂತವರೂ ಓದಬಹುದು. ಇಂಥ ಮನೆಯ ತಾಯಿ, ಹೆಂಡತಿ, ಅಣ್ಣ ನಿಮ್ಮ ಹತ್ತಿರ ಬಂದಾಗ ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಎಷ್ಟ ತಿಂಗಳ ಇಡಬೇಕ್ರೀ ಅಲ್ಲಿ? ತಿಂಗಳಿಗೆ ಎಷ್ಟ ರೊಕ್ಕ ಆಗತೈತಿ?"

ಹಾಗೆ ಕೇಳುವುದು ತಪ್ಪಲ್ಲ. ಕಬ್ಬಿನ ಬಿಲ್ಲು ಬರುವುದನ್ನೇ ಕಾಯುವ ಮನೆಗೆ ತಿಂಗಳ ಖರ್ಚು ದೊಡ್ಡ ಚಿಂತೆ. ಆದರೆ ಮಾತು ಅಲ್ಲಿಂದ ಶುರುವಾದರೆ ಹಾಸಿಗೆಯ ಬಾಡಿಗೆಯ ಸುತ್ತಲೇ ತಿರುಗುತ್ತದೆ, ರೋಗಿಗೆ ಏನು ಬೇಕು ಎಂಬುದು ಹಿಂದೆ ಬೀಳುತ್ತದೆ. ಆದ್ದರಿಂದ ಮೊದಲು ಕಾಯಿಲೆಯನ್ನು ತಿಳಿಯೋಣ. ರೊಕ್ಕದ ವಿಷಯಕ್ಕೆ ಆಮೇಲೆ ಬರೋಣ.

ಮದ್ಯ ಮಿದುಳಿನ ವೇಗವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಅದನ್ನು ಸರಿದೂಗಿಸಲು ತನ್ನ ಚಟುವಟಿಕೆಯನ್ನು ಏರಿಸಿಕೊಂಡೇ ಇರುತ್ತದೆ. ಒಮ್ಮೆಲೇ ಕುಡಿತ ನಿಂತರೆ ಆ ಏರಿದ ವೇಗಕ್ಕೆ ತಡೆ ಹಾಕುವವರಿಲ್ಲ. 6ರಿಂದ 24 ತಾಸಿನೊಳಗೆ ಕೈ ನಡುಗುತ್ತದೆ, ಮೈಯೆಲ್ಲ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಚಹಾದ ಕಪ್ಪು ಬಾಯಿಗೆ ಮುಟ್ಟುವುದರೊಳಗೆ ಅರ್ಧ ಚೆಲ್ಲಿರುತ್ತದೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಇನ್ನು ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆಯ ಮೇಲೆ ಹುಳ ಹರಿದಾಡುವುದು ಕಾಣುತ್ತದೆ, ತೀರಿಹೋದ ಅಪ್ಪನ ಜೊತೆ ಮಾತಾಡುತ್ತಾನೆ, ತಾನು ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ, ಮೈ ಸುಡುತ್ತದೆ. ಮನೆಯವರು ದೆವ್ವ ಬಡಿದಿದೆ ಎನ್ನುತ್ತಾರೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಇದರಿಂದ ಸಾವೂ ಬರಬಹುದು.

ಚಿಕಿತ್ಸೆ ಇದೆ, ಅದು ದುಬಾರಿಯೂ ಅಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಮಾತ್ರೆಗಳನ್ನು ಮೊದಲ ದಿನ ಹೆಚ್ಚು ಕೊಟ್ಟು, ದಿನದಿನಕ್ಕೆ ಇಳಿಸುತ್ತಾ ಒಂದು ವಾರದ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟವರಿಗೆ ಲೊರಾಜೆಪಾಮ್ ಆರಿಸುತ್ತಾರೆ. ಜೊತೆಗೆ ಬಿ1 ಜೀವಸತ್ವ, ಅಂದರೆ ಥಯಾಮಿನ್ ಇಂಜೆಕ್ಷನ್. ಇಲ್ಲೊಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ನಮ್ಮ ಕಡೆ ಯಾರಿಗೇ ಆಗಲಿ ಸಲೈನ್ ಹಚ್ಚಿದರೆ ಮನೆಯವರಿಗೆ ಸಮಾಧಾನ. ಆದರೆ ಊಟ ಬಿಟ್ಟು ಕುಡಿದೇ ಬದುಕಿದವನಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ, ಮಿದುಳಿನಲ್ಲಿ ಉಳಿದಿರುವ ಅಷ್ಟಿಷ್ಟು ಥಯಾಮಿನ್ನೂ ಖರ್ಚಾಗಿ, ಕಣ್ಣಿನ ಚಲನೆ ಕೆಟ್ಟು, ನಡಿಗೆ ತಪ್ಪಿ, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಯಾವುದು ಮೊದಲು ಎಂದು ತಿಳಿದ ನರ್ಸ್ ಒಬ್ಬರಿದ್ದರೆ ಸಾಕು, ಇದು ತಪ್ಪುತ್ತದೆ.

ಇದು ಮೊದಲ ವಾರದ ಮಾತು. ಇನ್ನೊಂದು ತುದಿ ಇರುವುದು ಕೇಂದ್ರದಿಂದ ಮನೆಗೆ ಬಂದ ಮೇಲೆ. ಕುಡಿತ ಮರುಕಳಿಸುವ ಅಪಾಯ ಹೆಚ್ಚಿರುವುದು ಬಿಟ್ಟ ಮೊದಲ ತಿಂಗಳುಗಳಲ್ಲಿ. ಸಂಬಳದ ದಿನ, ಜಾತ್ರೆ, ಮದುವೆಯ ಹಿಂದಿನ ರಾತ್ರಿ, ಅಣ್ಣತಮ್ಮಂದಿರ ಹೊಲದ ಜಗಳ, ಇವೇ ಕಾರಣಗಳು. ಆ ಹೊತ್ತಿನಲ್ಲಿ ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ನೋಡುವ ವೈದ್ಯರು ಬೇಕು. ಚಪಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಲ್ಲಿ ಇವನ ಯಕೃತ್ತಿಗೆ, ಮೂತ್ರಪಿಂಡಕ್ಕೆ ಯಾವುದು ಹೊಂದುತ್ತದೆ ಎಂದು ಅವರು ನೋಡಬೇಕು. ಫೋನು ಮಾಡಿ "ಹೆಂಗ ಅದೀರಿ?" ಎಂದು ಕೇಳುವವರು ಒಬ್ಬರು ಬೇಕು. ಇದು ಒಂದು ವರ್ಷವಾದರೂ ನಡೆಯಬೇಕಾದ ಕೆಲಸ.

ಈಗ ರೊಕ್ಕದ ಲೆಕ್ಕ ನೋಡಿ. ಒಂದು ಖಾಸಗಿ ಕೇಂದ್ರ ಇದೆ ಎನ್ನಿ. ಕಟ್ಟಡದ ಬಾಡಿಗೆ, ಅಡಿಗೆಯವರು, ಕಾವಲುಗಾರ: ಹಾಸಿಗೆ ತುಂಬಿದ್ದರೂ ಖಾಲಿಯಿದ್ದರೂ ಈ ಖರ್ಚು ತಪ್ಪುವುದಿಲ್ಲ. ಮೊದಲ ವಾರದ ರೋಗಿಗೆ ಮೇಲಿಂದ ರಾತ್ರಿ ಪಾಳಿಯ ನರ್ಸ್ ಬೇಕು, ಕರೆದರೆ ಬರುವ ವೈದ್ಯರು ಬೇಕು, ರಕ್ತಪರೀಕ್ಷೆ ಬೇಕು. ಅವನಿಂದ ಕೇಂದ್ರಕ್ಕೆ ಉಳಿಯುವುದು ಕಡಿಮೆ, ಹೊಣೆ ಹೆಚ್ಚು. ನಲವತ್ತನೆಯ ದಿನದ ರೋಗಿ ಹಾಗಲ್ಲ. ನಡುಕ ನಿಂತಿದೆ, ಮಾತ್ರೆ ಒಂದೋ ಎರಡೋ, ಅನ್ನ ಸಾರು ಉಂಡು ಟಿವಿ ಮುಂದೆ ಕೂತಿರುತ್ತಾನೆ. ಆದರೆ ಮನೆಯವರು ಕಟ್ಟುವ ತಿಂಗಳ ಹಣ ಮೊದಲಿನಷ್ಟೇ. ಮನೆಗೆ ಹೋದ ಮೇಲೆ ಫೋನು ಮಾಡಿ ವಿಚಾರಿಸುವ ಕೆಲಸಕ್ಕಂತೂ ಯಾರೂ ಬಿಲ್ಲು ಹಾಕುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಅಂದರೆ ಲಾಭ ಇರುವುದು ನಡುವಿನ ದಿನಗಳಲ್ಲಿ, ಆರೈಕೆ ಬೇಕಾಗಿರುವುದು ಎರಡು ತುದಿಗಳಲ್ಲಿ. ಯಾವ ಕೇಂದ್ರವನ್ನೇ ನೋಡಲು ಹೋದರೂ ಆ ಎರಡು ತುದಿಯಲ್ಲಿ ಅವರು ಏನು ಮಾಡುತ್ತಾರೆ ಎಂದು ಮೊದಲು ನೋಡಿ.

ಶುಲ್ಕ ತೆಗೆದುಕೊಳ್ಳುವುದೇ ಅಧರ್ಮ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮನೋವೈದ್ಯರನ್ನಿಟ್ಟು, ರಾತ್ರಿ ನರ್ಸಿಗೆ ಸಂಬಳ ಕೊಟ್ಟು ನಡೆಸುವವರಿಗೆ ಹಣ ಬೇಕೇ ಬೇಕು. 2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ, ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದಿಂದಾದ ತೊಂದರೆಗೆ ನೆರವು ಬೇಕು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಈ ಕೊರತೆ ಇರುವವರೆಗೆ ಖಾಸಗಿಯವರು ಬೇಡ ಎನ್ನಲಾಗದು. ಇದೇ ಕೊರತೆಯಿಂದಾಗಿ, ಗೇಟಿಗೆ ಬೀಗ ಹಾಕಿ ಫಲಕ ನೇತುಹಾಕಿದವರ ಬಳಿಯೂ ಜನ ಸಾಲುಗಟ್ಟುತ್ತಾರೆ. ಇತ್ತ ರಾಜ್ಯ ಸರ್ಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿ ಇಟ್ಟುಕೊಂಡಿತ್ತು. ಮದ್ಯದಿಂದ ಇಷ್ಟು ಪಡೆಯುವ ಸರ್ಕಾರ ತಾಲ್ಲೂಕಿಗೊಂದು ಹತ್ತು ಹಾಸಿಗೆಯ ವ್ಯಸನ ಚಿಕಿತ್ಸಾ ವಾರ್ಡು ಕಟ್ಟಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಹಣ ಕೊಡುವವರು ಯಾರು ಎಂಬುದರ ಮೇಲೆ ಮೋಸದ ರೂಪವೂ ಬದಲಾಗುತ್ತದೆ. ಅಮೆರಿಕದಲ್ಲಿ ವ್ಯಸನದ ಚಿಕಿತ್ಸೆಗೆ ವಿಮಾ ಕಂಪನಿಗಳು ಹಣ ಕೊಡಬೇಕೆಂದು ಕಾನೂನಾದ ಮೇಲೆ, ಫ್ಲಾರಿಡಾದ ಕೆಲವು ಕೇಂದ್ರಗಳು ಬೇಕಿಲ್ಲದಿದ್ದರೂ ಮತ್ತೆ ಮತ್ತೆ ಮೂತ್ರ ಪರೀಕ್ಷೆ ಮಾಡಿ ವಿಮೆಯಿಂದ ಹಣ ಎತ್ತಿದವು. ದಲ್ಲಾಳಿಗಳು ರೋಗಿಗಳನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸಿ ಕಮಿಷನ್ ಪಡೆದರು. ರೋಗಿ ಮತ್ತೆ ಚಟಕ್ಕೆ ಬಿದ್ದರೆ ಅವರಿಗೆ ಮತ್ತೊಂದು ಸುತ್ತಿನ ಲಾಭ. 2018ರಲ್ಲಿ ಅಂಥ ಕಮಿಷನ್ನನ್ನು ಅಪರಾಧವೆಂದು ಸಾರುವ ಕೇಂದ್ರ ಕಾನೂನನ್ನೇ ಅಲ್ಲಿ ತರಬೇಕಾಯಿತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ, ಮನೋರೋಗಕ್ಕೂ ದೇಹದ ಕಾಯಿಲೆಯಂತೆಯೇ ವಿಮೆ ಸಿಗಬೇಕು ಎನ್ನುತ್ತದೆ. ಆದರೆ ಬಹುತೇಕ ಪಾಲಿಸಿಗಳ ಹಿಂದಿನ ಸಣ್ಣ ಅಕ್ಷರಗಳಲ್ಲಿ ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆ ಹೊರಗುಳಿದಿರುತ್ತದೆ. ಹೀಗಾಗಿ ಇಲ್ಲಿ ಹಣ ಬರುವುದು ಹೆಂಡತಿಯ ಬೋರಮಾಳದಿಂದ, ಸೊಸೈಟಿ ಸಾಲದಿಂದ, ಮಾರಿದ ಎಮ್ಮೆಯಿಂದ. ಬೇಕಿಲ್ಲದ ಪರೀಕ್ಷೆಗಿಂತ ಬೇಕಿಲ್ಲದ ದಿನಗಳೇ ಇಲ್ಲಿನ ದೊಡ್ಡ ಅಪಾಯ. "ಮೂರ ತಿಂಗಳ ಕೋರ್ಸ್ ಐತ್ರಿ, ನಡುವ ಬಿಡಿಸ್ಕೊಂಡ ಹೋದ್ರ ರೊಕ್ಕ ವಾಪಸ್ ಇಲ್ಲ" ಎಂಬ ಮಾತು ಕೇಳಿದ ಕೂಡಲೇ ಎಚ್ಚರಾಗಿ. ಯಾರನ್ನೂ ಪರೀಕ್ಷಿಸದೆ ಎಲ್ಲರಿಗೂ ಒಂದೇ ಅವಧಿ ಹೇಳುವುದು ವೈದ್ಯಕೀಯವಲ್ಲ.

ಪಂಜಾಬಿನಲ್ಲಿ ಇನ್ನೊಂದು ರೂಪ ಕಂಡಿತು. ಅಫೀಮಿನ ಜಾತಿಯ ಚಟಕ್ಕೆ ಕೊಡುವ ಬುಪ್ರೆನಾರ್ಫಿನ್ ಒಳ್ಳೆಯ ಔಷಧ, ಜೀವ ಉಳಿಸಿದ ಔಷಧ. ಅದನ್ನೇ ಹೊರಗೆ ಮಾರಿಕೊಂಡರೆಂಬ ಆರೋಪದ ಮೇಲೆ 2025ರಲ್ಲಿ, ಒಬ್ಬರೇ ವೈದ್ಯರ ಒಡೆತನದಲ್ಲಿದ್ದ 22 ಖಾಸಗಿ ಕೇಂದ್ರಗಳ ತನಿಖೆ ನಡೆಯಿತು. ಔಷಧ ಒಳ್ಳೆಯದಾದ ಮಾತ್ರಕ್ಕೆ ಕೈ ಒಳ್ಳೆಯದೆಂದು ಹೇಳಲಾಗದು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಹೆಚ್ಚು ಕಾಡುವುದು ಮದ್ಯ, ಅದಕ್ಕೆ ಸಂಬಂಧಿಸಿದ ಒಂದು ವ್ಯಾಪಾರದ ಬಗ್ಗೆ ಖಾರವಾಗಿಯೇ ಹೇಳುತ್ತೇನೆ. "ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ, ಚಹಾದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುತ್ತಾರೆ" ಎಂಬ ಜಾಹೀರಾತನ್ನು ಬಸ್ ನಿಲ್ದಾಣದ ಗೋಡೆಯಲ್ಲೋ ಮೊಬೈಲಿನಲ್ಲೋ ನೀವು ನೋಡಿಯೇ ಇರುತ್ತೀರಿ. ಪುಡಿಯಲ್ಲಿ ಏನಿದೆಯೋ ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನೂ ಹೀಗೆ ಕದ್ದು ಕೊಡುವ ಮನೆಗಳಿವೆ. ಮದ್ಯ ದೇಹದಲ್ಲಿ ಒಡೆಯುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಯಕೃತ್ತು ಮುಂದೆ ಕರಗಿಸದಂತೆ ಈ ಮಾತ್ರೆ ತಡೆಯುತ್ತದೆ. ಮಾತ್ರೆ ನುಂಗಿದವನು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ತೆಗೆದುಕೊಂಡವನಿಗೆ ಆ ಭಯವೇ ಬೇಲಿ. ತಿಳಿಯದವನು ಎಂದಿನಂತೆ ಕ್ವಾರ್ಟರ್ ಏರಿಸಿ ಪ್ರಾಣ ಕಳೆದುಕೊಳ್ಳಬಹುದು. ಕೊನೆಯ ಮಾತ್ರೆ ನುಂಗಿದ ಎರಡು ವಾರದವರೆಗೂ ಅದರ ಪರಿಣಾಮ ಉಳಿಯಬಹುದು. ಗಂಡನ ಮೇಲಿನ ಪ್ರೀತಿಯಿಂದಲೇ ಅಕ್ಕ ಒಬ್ಬಳು ಇದನ್ನು ಬೆರೆಸುತ್ತಿರುತ್ತಾಳೆ. ಬೈಯಬೇಡಿ, ಕೂರಿಸಿ ತಿಳಿಸಿ ಹೇಳಿ.

ಈಗ ಕಾನೂನಿಗೆ ಬರೋಣ. 2017ರ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾದ ಮಾನಸಿಕ ಸ್ಥಿತಿಯನ್ನೂ ಮನೋರೋಗದೊಳಗೆ ಸೇರಿಸಿದೆ. ಆದ್ದರಿಂದ ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ, ಮತ್ತೆ ಮತ್ತೆ ಮಾಡಿದರೆ 5 ಲಕ್ಷದವರೆಗೆ. ಇದಲ್ಲದೆ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಸಂಖ್ಯೆಯನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು. ನೋಂದಣಿ ಪತ್ರ ತೋರಿಸಿ ಎಂದರೆ "ಟ್ರಸ್ಟ್ ರಿಜಿಸ್ಟ್ರೇಶನ್ ಐತ್ರಿ" ಎಂದು ಬೇರೊಂದು ಕಾಗದ ಮುಂದಿಡುವವರಿದ್ದಾರೆ. ಟ್ರಸ್ಟಿನ ನೋಂದಣಿಗೂ ಚಿಕಿತ್ಸೆ ಕೊಡುವ ಪರವಾನಗಿಗೂ ಸಂಬಂಧವಿಲ್ಲ.

ತಾನೇ ಒಪ್ಪಿ ಸೇರಿದ ರೋಗಿ ಬಿಡುಗಡೆ ಕೇಳಿದರೆ ಬಿಡಬೇಕು. ಸ್ಥಿತಿ ಗಂಭೀರವೆನಿಸಿದರೆ ಪರಿಶೀಲನೆಗಾಗಿ 24 ತಾಸು ಮಾತ್ರ ಉಳಿಸಿಕೊಳ್ಳಬಹುದು. ಅವನ ಇಚ್ಛೆಯಿಲ್ಲದೆ ಸೇರಿಸಬೇಕಾದರೆ ಅದಕ್ಕೆ ಕಟ್ಟಳೆ ಇದೆ: ಮನೋವೈದ್ಯರೊಬ್ಬರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ತನಗೋ ಇತರರಿಗೋ ಅಪಾಯವಾಗುವ ಸ್ಥಿತಿ ಅಥವಾ ತನ್ನನ್ನು ತಾನೇ ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು, ಮೊದಲಿಗೆ 30 ದಿನ ಮೀರುವಂತಿಲ್ಲ, ಮಾನಸಿಕ ಆರೋಗ್ಯ ಪುನರಾವಲೋಕನ ಮಂಡಳಿಗೆ ತಿಳಿಸಬೇಕು. ರಾತ್ರಿ ಹೊತ್ತು ನಾಲ್ಕು ಹುಡುಗರು ವಾಹನದಲ್ಲಿ ಬಂದು ಮಲಗಿದವನನ್ನು ಎತ್ತಿ ಹಾಕಿಕೊಂಡು ಹೋಗುವುದು, ಅದಕ್ಕೆ ಮನೆಯವರಿಂದ ಪ್ರತ್ಯೇಕ ಹಣ ಪಡೆಯುವುದು ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಸರಪಳಿ ಹಾಕುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಮನೆಯವರೊಂದಿಗೆ ಫೋನಿನಲ್ಲಿ ಮಾತಾಡುವ ಹಕ್ಕಿದೆ, ತನ್ನ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕಿದೆ.

ಈ ಸಾಲುಗಳ ಹಿಂದೆ ಹೆಣಗಳಿವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿಯ ಒಂದು ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಸುಟ್ಟು ಸತ್ತರು. ನಮ್ಮ ರಾಜ್ಯದಲ್ಲಿಯೇ 2025ರಲ್ಲಿ ನೆಲಮಂಗಲ ಕಡೆಯ ಒಂದು ಖಾಸಗಿ ಪುನರ್ವಸತಿ ಕೇಂದ್ರದಲ್ಲಿ ರೋಗಿಯೊಬ್ಬನನ್ನು ಕೋಲಿನಿಂದ ಹೊಡೆಯುವ ವಿಡಿಯೊ ಹೊರಬಂತು. ಶೌಚಾಲಯ ತೊಳೆಯಲು ಒಪ್ಪದ್ದೇ ಅವನ ತಪ್ಪು ಎಂದು ವರದಿಯಾಯಿತು. ರೋಗಿಗಳಿಂದಲೇ ಕೆಲಸ ಮಾಡಿಸಿದರೆ ಕೂಲಿ ಉಳಿಯುತ್ತದೆ. ಅದಕ್ಕೆ "ಶಿಸ್ತು", "ವರ್ಕ್ ಥೆರಪಿ" ಎಂದು ಹೆಸರಿಡುವುದು ಸುಲಭ. ತಾವು ತಂಗುವ ಕೋಣೆ ಗುಡಿಸುವುದು ಬೇರೆ, ಕೇಂದ್ರದ ಕೂಲಿಯಾಳಾಗುವುದು ಬೇರೆ. ಕಾಯ್ದೆಯೂ ಬಲವಂತದ ದುಡಿಮೆ ಬೇಡ, ದುಡಿಸಿಕೊಂಡರೆ ತಕ್ಕ ಕೂಲಿ ಕೊಡಿ ಎನ್ನುತ್ತದೆ.

ಹಾಗಾದರೆ ಲಾಭವಿಲ್ಲದ ದಾರಿ ಇದೆಯೇ? ನಮ್ಮ ಉತ್ತರ ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆ ಹಿಡಿದು ಊರೂರು ಸುತ್ತಿ, ಕಾಳುಕಡಿಯ ಬದಲು ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರ ಸಮಿತಿಗಳ ನೆರವಿನಿಂದ ಕಲ್ಯಾಣ ಮಂಟಪಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತದೆ. ಮುಗಿಸಿದವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುತ್ತದೆ. ಎರಡನೆಯ ತುದಿಯನ್ನು ಅವರು ಬಿಟ್ಟಿಲ್ಲ ಎಂಬುದು ನನಗೆ ಮುಖ್ಯವೆನಿಸುತ್ತದೆ. ಗಡಿಯಾಚೆ ಪುಣೆಯಲ್ಲಿ 1986ರಲ್ಲಿ ಅನಿಲ್ ಅವಚಟ್ ದಂಪತಿ, ಮರಾಠಿ ಸಾಹಿತಿ ಪು.ಲ. ದೇಶಪಾಂಡೆಯವರ ಧನಸಹಾಯದಿಂದ ಮುಕ್ತಾಂಗಣ ಕಟ್ಟಿದರು. ಚೆನ್ನೈಯಲ್ಲಿ ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಟಿಟಿಕೆ ಆಸ್ಪತ್ರೆ ಆರಂಭಿಸಿದರು. ಗೋಕಾಕ ತಾಲ್ಲೂಕಿನವರಿಗೆ ಇಷ್ಟು ದೂರವೂ ಹೋಗಬೇಕಿಲ್ಲ. ಸೇವಾದಳದ ನಾ.ಸು. ಹರ್ಡೀಕರರಂಥವರು ದುಡಿದ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮ, ಲಾಭವನ್ನು ಗುರಿಯಾಗಿಸಿಕೊಳ್ಳದೆಯೂ ಆಸ್ಪತ್ರೆ ಕಟ್ಟಬಹುದೆಂದು ಈ ನೆಲದಲ್ಲೇ ತೋರಿಸಿದೆ.

ಆದರೆ ಉಚಿತವೆಂದ ಮಾತ್ರಕ್ಕೆ ಸುರಕ್ಷಿತವೆಂದು ತಿಳಿಯಬೇಡಿ. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದವನು, ಸನ್ನಿ ಹಿಡಿದಿದ್ದವನು, ಕಾಮಾಲೆಯಿರುವವನು, ರಕ್ತ ಕಾರಿದವನು ಶಿಬಿರಕ್ಕಿಂತ ಮೊದಲು ಆಸ್ಪತ್ರೆಗೆ ಹೋಗಬೇಕು. ಜೋಳಿಗೆಗೆ ಚಟ ಹಾಕಿದ ಮನಸ್ಸು ಗಟ್ಟಿಯಾಗಿದ್ದರೂ ಮಿದುಳಿಗೆ ಮಾತ್ರೆ ಬೇಕಾಗುತ್ತದೆ. ಈ ನಾಲ್ಕು ಪ್ರಶ್ನೆಗಳನ್ನು ಕೇಳದೆ ಯಾರನ್ನೂ ಶಿಬಿರಕ್ಕೆ ಕಳಿಸಬೇಡಿ.

ಸರ್ಕಾರಿ ದಾರಿಯನ್ನು ನಮ್ಮವರು ಬೇಗ ಮರೆಯುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಡೀ ದೇಶಕ್ಕೆ ಹಬ್ಬಿದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ಯಾವ ಮಂಗಳವಾರ ನಿಮ್ಮ ಆಸ್ಪತ್ರೆಗೆ ಬರುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಕರೆದುಕೊಂಡು ಹೋಗಿ. ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಲಿ ತಿರುಗಿದರೆ ಮತ್ತೆ ಬರುವುದಿಲ್ಲ. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿಯ ಬಿಮ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಿವೆ. ವ್ಯಸನದ ಸಹಾಯವಾಣಿ 14446. ಮಾನಸಿಕ ನೆರವಿಗೆ ಟೆಲಿ ಮಾನಸ್ 14416, ಕನ್ನಡದಲ್ಲಿಯೇ ಮಾತಾಡಬಹುದು. ಎರಡಕ್ಕೂ ದುಡ್ಡು ಬೇಡ. ಎಷ್ಟೋ ಜನರಿಗೆ ಒಳರೋಗಿಯಾಗುವ ಅಗತ್ಯವೇ ಇರುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿದ್ದು, ಫಿಟ್ಸ್ ಸನ್ನಿಯ ಹಿನ್ನೆಲೆ ಇಲ್ಲದಿದ್ದರೆ, ವೈದ್ಯರು ಬರೆದುಕೊಟ್ಟ ಮಾತ್ರೆಯೊಂದಿಗೆ ಮನೆಯಲ್ಲೇ ಆ ವಾರ ಕಳೆಯಬಹುದು. ಹಾಸಿಗೆ ಮಾರುವವರು ಇದನ್ನು ಹೇಳುವುದಿಲ್ಲ, ಆದ್ದರಿಂದ ನೀವು ಹೇಳಬೇಕು.

ಖಾಸಗಿ ಕೇಂದ್ರವನ್ನೇ ಆರಿಸಿದರೆ ಹಣ ಕಟ್ಟುವ ಮೊದಲು ಮನೆಯವರ ಜೊತೆ ನೀವೂ ಒಮ್ಮೆ ಹೋಗಿ ಬನ್ನಿ. ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ಇಲ್ಲಿ ಯಾರಿರುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ ಎಂದು ಕೇಳಿ. ಹೆಸರು ಹೇಳಿದರೆ ಸರಿ, "ಅದೆಲ್ಲಾ ನಾವ ನೋಡ್ಕೋತೀವ್ರಿ" ಎಂದರೆ ಯೋಚನೆ ಮಾಡಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರೋಗಿಯ ಹಾಳೆಯಲ್ಲಿ ಅವರ ಕೈಬರಹ ಇದೆಯೇ ನೋಡಿ. ಔಷಧ, ರಕ್ತಪರೀಕ್ಷೆ ತಿಂಗಳ ಹಣದಲ್ಲಿ ಸೇರಿವೆಯೋ ಪ್ರತ್ಯೇಕವೋ ಬರೆಸಿಕೊಳ್ಳಿ. ವಾರಕ್ಕೊಮ್ಮೆ ಎದುರೆದುರು ಭೇಟಿಗೆ ಬಿಡುತ್ತಾರೆಯೇ ಎಂದು ಕೇಳಿ; "ಒಂದ ತಿಂಗಳ ಮುಖಾ ತೋರಸಂಗಿಲ್ಲ" ಎನ್ನುವಲ್ಲಿ ಯಾರನ್ನೂ ಬಿಡಬೇಡಿ. ಇಲ್ಲಿಗೇ ಬನ್ನಿ ಎಂದು ಒತ್ತಾಯಿಸಿದ ವಾಹನದ ಚಾಲಕನೋ ಪರಿಚಯದವನೋ ಕಮಿಷನ್ ಪಡೆಯುತ್ತಾನೆಯೇ ಎಂದು ಕೇಳಲು ಸಂಕೋಚಪಡಬೇಡಿ. ರೋಗಿಯನ್ನು ಕಳಿಸಿದ್ದಕ್ಕೆ ವೈದ್ಯರು ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ 2002ರ ವೈದ್ಯಕೀಯ ಮಂಡಳಿಯ ನೀತಿಸಂಹಿತೆ ನಿಷೇಧಿಸಿದೆ.

ತೊಂದರೆಯಾದರೆ ದೂರು ಕೊಡುವುದು ಕಷ್ಟವಲ್ಲ. ಶುಲ್ಕ, ನೋಂದಣಿಯ ವಿಷಯಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಬಿಡುಗಡೆ ಮಾಡದಿದ್ದರೆ, ಹೊಡೆದರೆ ಪೊಲೀಸರಿಗೂ, ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೂ ಹೋಗಬಹುದು. ಮನೋರೋಗಿಗಳಿಗೆ ಅಲ್ಲಿ ವಕೀಲರ ನೆರವು ಉಚಿತ. ಅರ್ಜಿ ಬರೆಯಲು ಬಾರದ ಅವ್ವನಿಗೆ ನೀವೇ ಬರೆದುಕೊಡಿ.

ಕೊನೆಗೆ, ಮನೆಗೆ ಬಂದ ಆರು ತಿಂಗಳಿಗೆ ಅವನು ಮತ್ತೆ ಕುಡಿದ ಎನ್ನಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತೆ ಇದೂ ಮರುಕಳಿಸುವ ಕಾಯಿಲೆ. ಮರುಕಳಿಸಿದ ಮಾತ್ರಕ್ಕೆ ಮೊದಲ ಚಿಕಿತ್ಸೆ ಹಾಳಾಯಿತೆಂದಲ್ಲ. ಕೇಂದ್ರದಿಂದ ಫೋನು ಬಂದು ಮತ್ತೆ ಮೂರು ತಿಂಗಳ ಹಣ ಕಟ್ಟಿ ಎಂದರೆ ಆತುರದಿಂದ ಒಪ್ಪಬೇಡಿ. ಕುಡಿಯತೊಡಗಿ ಎಷ್ಟು ದಿನವಾಯಿತು, ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ ಎಂದು ಅವನನ್ನೇ ಕೇಳಿ. ಎರಡು ಮೂರು ದಿನದ ಜಾರುವಿಕೆಯಾದರೆ ಮಂಗಳವಾರದ ಭೇಟಿ, ಬಿಟ್ಟ ಮಾತ್ರೆಯನ್ನು ಮತ್ತೆ ಶುರು ಮಾಡುವುದು, ವಾರಕ್ಕೊಮ್ಮೆ ಸಮಾಲೋಚಕರ ಮಾತು ಇಷ್ಟರಲ್ಲೇ ಎಷ್ಟೋ ಜನ ಸರಿಹೋಗುತ್ತಾರೆ. ಹೋಗುವಾಗ ಹಳೆಯ ಡಿಸ್ಚಾರ್ಜ್ ಕಾರ್ಡನ್ನೂ ಮಾತ್ರೆಯ ಖಾಲಿ ಪಟ್ಟಿಯನ್ನೂ ಒಯ್ಯಿರಿ. ಯಾವ ಔಷಧ ಎಷ್ಟು ದಿನ ಕೊಟ್ಟರೆಂದು ಗೊತ್ತಾದರೆ ಹೊಸ ವೈದ್ಯರು ಮೊದಲಿಂದ ಶುರು ಮಾಡಬೇಕಾಗುವುದಿಲ್ಲ. ಕಾರ್ಡೇ ಕೊಟ್ಟಿಲ್ಲವೆಂದರೆ ಕೇಂದ್ರಕ್ಕೆ ಬರೆದು ಕೇಳಿ, ಅದು ರೋಗಿಯ ಹಕ್ಕು.